ಹಳೆಯ ಗಣಕಯಂತ್ರದ ಕನ್ನಡ ಕಡತಗಳು: ಹೊಸೂರು ಸೀಮೆಯ ಒಂದು ಅಗತ್ಯ

ಹೊಸೂರು ಪೇಟೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತವೊಂದನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸ ಗಣಕಯಂತ್ರದಲ್ಲಿ ತೆರೆದರೆ ಮೊದಲು ಕಾಣೆಯಾಗುವುದು ಊರಿನ ಹೆಸರೇ. ‘ಹೊಸೂರು’ ಎಂದಿರಬೇಕಾದ ಕಡೆ ಮೇಲಕ್ಕೇರಿಸಿ ಬರೆದ ಪುಟ್ಟ ಸೊನ್ನೆ, ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ ‘ಇ’, ಒಂದಕ್ಕೊಂದು ಅಂಟಿದ ‘ಎ’ ಮತ್ತು ‘ಇ’, ಅಲ್ಪವಿರಾಮದ ಬಾಲದಂಥ ಗುರುತು, ಗೀಟು ಹೊತ್ತ ‘ಎ’, ಮತ್ತೆ ಅಂಟಿದ ಜೋಡಿ, ‘ಜಿ’, ಮತ್ತೆ ಗೀಟಿನ ‘ಎ’, ಕೊನೆಗೆ ಎರಡು ಚುಕ್ಕೆ ಹೊತ್ತ ‘ಎ’, ಹೀಗೆ ಒಂಬತ್ತು ಚಿಹ್ನೆಗಳ ಸಾಲೊಂದು ನಿಂತಿರುತ್ತದೆ. ಕಡತ ಕೆಟ್ಟುಹೋಗಿದೆಯೆಂದು ತಿಳಿದು ಅಳಿಸಿಹಾಕಿದವರುಂಟು. ವಾಸ್ತವವಾಗಿ ಕಡತದ ಒಂದು ಬೈಟೂ ಬದಲಾಗಿರುವುದಿಲ್ಲ. ಅದನ್ನು ಕನ್ನಡವಾಗಿ ಓದಿಸುವ ಕೀಲಿ ಮಾತ್ರ ಹಳೆಯ ಯಂತ್ರದಲ್ಲೇ ಉಳಿದಿರುತ್ತದೆ.

ಹಳೆಯ ಗಣಕಯಂತ್ರದಿಂದ ಹೊಸದಕ್ಕೆ ಕಡತಗಳನ್ನೂ ತಂತ್ರಾಂಶಗಳನ್ನೂ ಸಾಗಿಸುವುದು ಎಲ್ಲ ಊರುಗಳಲ್ಲೂ ನಡೆಯುವ ಸಾಮಾನ್ಯ ಕೆಲಸ. ಇಂಗ್ಲಿಷಿನಲ್ಲಿ ಮಾತ್ರ ವ್ಯವಹರಿಸುವ ಕಚೇರಿಗೆ ಅದು ಒಂದು ಮಧ್ಯಾಹ್ನದ ಕೆಲಸವೂ ಹೌದು. ಗಡಿಯಾಚೆಯ ಕನ್ನಡಕ್ಕೆ ಹಾಗಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲೇ ಉಳಿದ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು ಮೊದಲಾದ ಕಡೆಗಳು 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿದವು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಸೀಮೆಯಿದು. 2006ರ ತಮಿಳು ಕಲಿಕೆ ಕಾಯಿದೆ ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿದ ಬಳಿಕ ಇಲ್ಲಿಯ ಕನ್ನಡ ಶಾಲೆಗಳ ಸುತ್ತ ಹುಟ್ಟಿಕೊಂಡ ಮನವಿಗಳು, ಶಿಕ್ಷಕರು ತಾವೇ ಸಿದ್ಧಪಡಿಸಿಕೊಂಡ ಪ್ರಶ್ನೆಪತ್ರಿಕೆಗಳು ಮತ್ತು ಅಭ್ಯಾಸದ ಹಾಳೆಗಳು, ವೀರಗಲ್ಲುಗಳ ಪಾಠದ ಟಿಪ್ಪಣಿಗಳು, ಹಾಡುಗಾರ್ತಿಯರಿಂದ ಬರೆದುಕೊಂಡ ಸೋಬಾನೆ ಪದಗಳು, ಹಳ್ಳಿಯ ನಾಟಕಗಳ ಹಸ್ತಪ್ರತಿಗಳು, ಮದುವೆಯ ಲಗ್ನಪತ್ರಿಕೆಗಳು – ಇವೆಲ್ಲ ಮೊದಲು ಸೇರಿದ್ದು ಯಾರದೋ ಮೇಜಿನ ಮೇಲಿನ ಗಣಕಯಂತ್ರದೊಳಕ್ಕೆ. ಬೆಂಗಳೂರಿನಲ್ಲಿ ಒಂದು ಕಡತ ಕಳೆದರೆ ಅದರ ಮುದ್ರಿತ ಪ್ರತಿ ಯಾವುದಾದರೊಂದು ಗ್ರಂಥಾಲಯದಲ್ಲಿ ಸಿಕ್ಕೀತು. ಇಲ್ಲಿ ಬಹಳಷ್ಟು ವೇಳೆ ಆ ಕಡತವೇ ಮೂಲ, ಅದೇ ಪ್ರತಿ. ತಮಿಳು ಲಿಪಿಯ ನಾಮಫಲಕದಲ್ಲಿ ಹಕಾರವಿಲ್ಲದೆ ‘ಓಸೂರ್’ ಆಗಿರುವ ಊರಿಗೆ ‘ಹೊಸೂರು’ ಎಂಬ ರೂಪ ಬರಹದಲ್ಲಿ ಉಳಿದಿರುವುದು ಇಂಥ ಕಾಗದಪತ್ರಗಳಲ್ಲೇ. ಸುತ್ತಲಿನ ಹಳ್ಳಿಗಳ ಕನ್ನಡ ಹೆಸರುಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಈ ತೊಡಕು ಹೇಗೆ ಉಂಟಾಯಿತೆಂಬುದನ್ನು ತಿಳಿಯಲು ಹಳೆಯ ಅಚ್ಚುಕೂಟವನ್ನು ನೆನೆಯುವುದು ಒಳ್ಳೆಯದು. ಮೊಳೆ ಜೋಡಿಸುವವನ ಮುಂದಿನ ಪೆಟ್ಟಿಗೆಯ ಖಾನೆಗಳಲ್ಲಿ ಇರುತ್ತಿದ್ದುದು ಅಕ್ಷರದ ತುಂಡುಗಳು: ತಲೆಕಟ್ಟಿಲ್ಲದ ಮೈ, ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳು. ಅವನ್ನು ಪಕ್ಕಪಕ್ಕ ಕೂಡಿಸಿದರೆ ಕಾಗದದ ಮೇಲೆ ಅಕ್ಷರ ಮೂಡುತ್ತಿತ್ತು. 1990ರ ದಶಕದ ಕನ್ನಡ ತಂತ್ರಾಂಶಗಳು ಮಾಡಿದ್ದೂ ಇದನ್ನೇ. ಗಣಕಯಂತ್ರ ಆಗ ಬಲ್ಲದ್ದು ಯುರೋಪಿನ ಭಾಷೆಗಳಿಗೆಂದು ಮೀಸಲಾದ ಇನ್ನೂರೈವತ್ತಾರು ಖಾನೆಗಳ ಒಂದು ಪೆಟ್ಟಿಗೆಯನ್ನು ಮಾತ್ರ. ಆ ಖಾನೆಗಳಲ್ಲಿದ್ದ ಪರಭಾಷೆಯ ಚಿಹ್ನೆಗಳ ಚಿತ್ರಗಳನ್ನು ತೆಗೆದು ಕನ್ನಡದ ಮೊಳೆಗಳ ಚಿತ್ರಗಳನ್ನು ಇರಿಸಲಾಯಿತು. ಹೀಗೆ ಚಿತ್ರಗಳನ್ನು ಬದಲಿಸಿದ ಪೆಟ್ಟಿಗೆಯೇ ಫಾಂಟು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಸಿಡ್ಯಾಕ್‌ನ ಐಎಸ್‌ಎಂ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ – ಎಲ್ಲವೂ ಇದೇ ದಾರಿ ಹಿಡಿದವು. ಆದರೆ ಯಾವ ಖಾನೆಯಲ್ಲಿ ಯಾವ ಮೊಳೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದ ವಿನ್ಯಾಸವನ್ನು ನುಡಿ ಅನುಸರಿಸಿತು, ಬರಹದ ಮುಂದಿನ ಆವೃತ್ತಿಗಳ ಫಾಂಟುಗಳೂ ಬಹುಮಟ್ಟಿಗೆ ಅದಕ್ಕೆ ಹೊಂದಿಕೊಂಡವು. ಉಳಿದವುಗಳ ಪೆಟ್ಟಿಗೆ ಬೇರೆಯಾಗಿಯೇ ಉಳಿಯಿತು.

ಮೇಲೆ ಹೇಳಿದ ಒಂಬತ್ತು ಚಿಹ್ನೆಗಳನ್ನು ಈಗ ಓದಬಹುದು. ಪುಟ್ಟ ಸೊನ್ನೆ ಎಂದರೆ ಹಕಾರದ ಮೈ. ಗೀಟಿನ ‘ಇ’ ಎಂದರೆ ಎತ್ವ. ಅಂಟಿದ ಜೋಡಿ ಕೊಂಬಿನ ದೀರ್ಘ. ಮೂರೂ ಕೂಡಿ ‘ಹೊ’. ಬಾಲದಂಥ ಗುರುತು ಸಕಾರದ ಮೈ, ಗೀಟಿನ ‘ಎ’ ತಲೆಕಟ್ಟು, ಮತ್ತೆ ಅದೇ ಅಂಟಿದ ಜೋಡಿ: ‘ಸೂ’. ಒಂದೇ ಚಿಹ್ನೆ ಮೊದಲ ಅಕ್ಷರದಲ್ಲಿ ಒತ್ವದ ಅರ್ಧಭಾಗವಾಗಿಯೂ ಎರಡನೆಯದರಲ್ಲಿ ಊತ್ವವಾಗಿಯೂ ನಿಂತಿದೆ. ಕಣ್ಣಿಗೆ ಇದರಿಂದ ಯಾವ ಬಾಧಕವೂ ಇಲ್ಲ, ಏಕೆಂದರೆ ಬರೆಯುವ ಕೈಯೂ ಎರಡು ಕಡೆ ಅದೇ ಬಳುಕನ್ನು ಎಳೆಯುತ್ತದೆ. ಆದರೆ ಹುಡುಕಬೇಕಾದ, ಅಕಾರಾದಿಯಲ್ಲಿ ಜೋಡಿಸಬೇಕಾದ ಯಂತ್ರಕ್ಕೆ ಇದೊಂದು ಒಗಟು. ‘ಕೃಷ್ಣಗಿರಿ’ಯಲ್ಲಿ ಕಕಾರದ ಮೈ, ತಲೆಕಟ್ಟು, ವಟ್ರಸುಳಿ, ಷಕಾರದ ಮೈ, ತಲೆಕಟ್ಟು, ಣಕಾರದ ಒತ್ತು ಬೇರೆಬೇರೆಯಾಗಿದ್ದರೆ ‘ಗಿ’ ಮತ್ತು ‘ರಿ’ ಒಂದೊಂದೇ ಮೊಳೆ. ಹೀಗಾಗಿ ‘ಗ’ ಎಂದು ಹುಡುಕಿದರೆ ‘ಗಿ’ ಸಿಗದು. ‘ಧರ್ಮಪುರಿ’ಯಲ್ಲಿ ಬಾಯಿ ಮೊದಲು ಹೇಳುವ ರೇಫವನ್ನು ಕೈ ಮಕಾರದ ನಂತರ ಅರ್ಕಾವೊತ್ತಾಗಿ ಬರೆಯುತ್ತದೆ, ಹಳೆಯ ಕಡತದಲ್ಲೂ ಅದು ಮಕಾರದ ನಂತರವೇ ಇದೆ. ಆ ಮಕಾರಕ್ಕಾದರೂ ತನ್ನದೇ ಆದ ಖಾನೆಯಿಲ್ಲ, ವಕಾರಕ್ಕೆ ‘ಹೊಸೂರು’ ಪದದ ಕೊನೆಯಲ್ಲಿ ಕಂಡ ಆ ಎರಡು ಚುಕ್ಕೆಯ ಚಿಹ್ನೆಯನ್ನೇ ಬಾಲವಾಗಿ ಅಂಟಿಸಿ ಅದನ್ನು ಮಕಾರ ಮಾಡಲಾಗಿದೆ.

1991ರಲ್ಲಿ ಮೊದಲ ಆವೃತ್ತಿ ಕಂಡ ಯುನಿಕೋಡ್, ಕನ್ನಡಕ್ಕೆ ನೂರ ಇಪ್ಪತ್ತೆಂಟು ಸ್ಥಾನಗಳ ಒಂದು ಸ್ವಂತ ಮನೆ ಕೊಟ್ಟಿತು. ಭಾರತದ್ದೇ ಆದ ಇಸ್ಕಿ ಸಂಕೇತ ವ್ಯವಸ್ಥೆಯ ತಳಹದಿ ಅದಕ್ಕಿತ್ತು. ಅಲ್ಲಿ ದಾಖಲಾಗುವುದು ಕೈಯ ಬರವಣಿಗೆಯ ಕ್ರಮವಲ್ಲ, ಬಾಯಿಯ ಉಚ್ಚಾರಣೆಯ ಕ್ರಮ. ‘ಹೊಸೂರು’ ಅಲ್ಲಿ ಆರೇ ಸಂಕೇತ: ಹ, ಒತ್ವ, ಸ, ಊತ್ವ, ರ, ಉತ್ವ. ಮೈಯನ್ನೂ ಕೊಂಬನ್ನೂ ಹೊಂದಿಸಿ ತೋರಿಸುವುದು ಫಾಂಟಿನ ಹೊಣೆ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ತೋರಿಸಬಲ್ಲದಾಗಿತ್ತು. ಹಾಗಿದ್ದೂ ಹಳೆಯ ಪದ್ಧತಿ ಮತ್ತೆ ಹತ್ತು-ಹದಿನೈದು ವರ್ಷ ಮುಂದುವರಿದುದಕ್ಕೆ ಬೆರಳಚ್ಚುಗಾರರ ಸೋಮಾರಿತನ ಕಾರಣವಲ್ಲ. ಮುದ್ರಣಕ್ಕೆ ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ತನ್ನ ಕೊನೆಯ ಏಳನೆಯ ಆವೃತ್ತಿಯವರೆಗೂ ಯುನಿಕೋಡನ್ನು ಅರಿಯಲಿಲ್ಲ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರ ಸಿಎಸ್6ರಲ್ಲಿ. ಲಗ್ನಪತ್ರಿಕೆ ನಾಳೆ ಬೆಳಗ್ಗೆ ಅಚ್ಚಾಗಬೇಕೆಂಬ ಗಿರಾಕಿಗೆ ಸಂಕೇತ ವ್ಯವಸ್ಥೆಯ ಚರಿತ್ರೆ ಹೇಳಿ ಪ್ರಯೋಜನವಿಲ್ಲ.

ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಆದ್ದರಿಂದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಸಮಯ ಈಗ ಬಂದಿದೆ. ಅದಕ್ಕೆ ಮುನ್ನ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು, ಆಯ್ದು ನಕಲು ಮಾಡುವ ಬಯಕೆಯನ್ನು ಬಿಡುವುದು. ‘ಮೈ ಡಾಕ್ಯುಮೆಂಟ್ಸ್’ ಹಾಗೂ ಡೆಸ್ಕ್‌ಟಾಪಿನಲ್ಲಿ ಇರುವುದಷ್ಟನ್ನೇ ತೆಗೆದುಕೊಂಡರೆ ಡಿ, ಇ ವಿಭಾಗಗಳಲ್ಲಿ ‘ನ್ಯೂ ಫೋಲ್ಡರ್ 3’ ಎಂಬಂಥ ಹೆಸರಿನಲ್ಲಿ ಕುಳಿತ ಕ್ಷೇತ್ರಕಾರ್ಯದ ಟಿಪ್ಪಣಿಗಳು ಹಿಂದುಳಿಯುತ್ತವೆ. ಇಡೀ ಹಾರ್ಡ್‌ಡಿಸ್ಕನ್ನೇ ನಕಲಿಸಿಕೊಳ್ಳುವುದು ಕ್ಷೇಮ. ಯಂತ್ರ ಚಾಲೂ ಆಗದಿದ್ದರೂ ಡಿಸ್ಕು ಬದುಕಿರಬಹುದು. ಅದನ್ನು ಕಳಚಿ, ಅಗಲವಾದ ಪಟ್ಟಿಯಂಥ ಹಳೆಯ ಐಡಿಇ ಜೋಡಣೆಯದೋ ಕಿರಿದಾದ ಸಾಟಾ ಜೋಡಣೆಯದೋ ನೋಡಿಕೊಂಡು, ಅದಕ್ಕೆ ಹೊಂದುವ ಯುಎಸ್‌ಬಿ ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಸೇರಿಸಬಹುದು. ಪೆನ್‌ಡ್ರೈವುಗಳ ಮೂಲಕ ಅಂಗಡಿಯಿಂದ ಅಂಗಡಿಗೆ ಹಬ್ಬಿದ ವೈರಸ್ಸುಗಳು ಫೋಲ್ಡರುಗಳನ್ನು ಅಡಗಿಸಿ ಅವುಗಳ ಹೆಸರಿನ ಶಾರ್ಟ್‌ಕಟ್ಟುಗಳನ್ನು ಮಾತ್ರ ಹೊರಗೆ ತೋರಿಸುವುದುಂಟು. ಆದುದರಿಂದ ಅಡಗಿದ ಕಡತಗಳನ್ನೂ ತೋರಿಸುವಂತೆ ಸೂಚಿಸಿ ನೋಡಬೇಕು, ತೆರೆಯುವ ಮುನ್ನ ವೈರಸ್ ತಪಾಸಣೆ ನಡೆಸಬೇಕು. ಸಿಡಿಗಳಲ್ಲಿಯೂ ಫ್ಲಾಪಿಗಳಲ್ಲಿಯೂ ಇರುವುದನ್ನು ಮುಂದೂಡುವಂತಿಲ್ಲ. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ವರ್ಷಗಳು ಕಳೆದಂತೆ ಮಾಸುತ್ತದೆ. ನಕಲಿಸಿದ ಕಡತಕ್ಕೆ ‘ಸೃಷ್ಟಿಯಾದ ದಿನ’ವಾಗಿ ನಕಲಿಸಿದ ದಿನವೇ ಬೀಳುತ್ತದೆ, ‘ಬದಲಾದ ದಿನ’ ಮಾತ್ರ ಹಳೆಯದೇ ಉಳಿಯುತ್ತದೆ. ಒಂದು ಹಾಡನ್ನು ಯಾವ ವರ್ಷ ಬರೆದುಕೊಂಡದ್ದೆಂಬುದಕ್ಕೆ ಬೇರೆ ಆಧಾರವಿಲ್ಲದಿದ್ದರೆ ಈ ಎರಡನೆಯ ದಿನಾಂಕವೇ ಸಾಕ್ಷಿ. ಕಡತವನ್ನು ತೆರೆದು ಉಳಿಸಿದೊಡನೆ ಅದೂ ಅಳಿಯುವುದರಿಂದ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ತಂತ್ರಾಂಶಗಳ ವಿಷಯ ಬೇರೆ. ಕಡತವನ್ನು ನಕಲಿಸಿದಂತೆ ತಂತ್ರಾಂಶವನ್ನು ನಕಲಿಸಲಾಗದು. ಅದರ ಭಾಗಗಳು ವಿಂಡೋಸಿನ ನಾನಾ ಮೂಲೆಗಳಲ್ಲಿ ಹರಡಿಕೊಂಡಿರುತ್ತವೆ, ವ್ಯವಸ್ಥೆಯ ಒಳದಾಖಲೆಗಳಲ್ಲಿ ನಮೂದಾಗಿರುತ್ತವೆ. ಫೋಲ್ಡರನ್ನು ಎತ್ತಿ ಹೊಸ ಯಂತ್ರದಲ್ಲಿ ಇಟ್ಟರೆ ಸಾಮಾನ್ಯವಾಗಿ ಅದು ನಡೆಯದು. ಸ್ಥಾಪಿಸುವ ಮೂಲ ಸಿಡಿಯೋ ಕಡತವೋ ಬೇಕು. ಅದಿದ್ದರೂ ಹಳೆಯ ಹದಿನಾರು ಬಿಟ್ಟಿನ ತಂತ್ರಾಂಶಗಳು ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ಚಲಿಸವು. ಪ್ರಕಟಣೆಗೆಂದು ಕೊಂಡ ಕೆಲವು ಭಾರತೀಯ ಭಾಷಾ ತಂತ್ರಾಂಶಗಳಿಗೆ ಪ್ರಿಂಟರಿನ ಅಗಲ ಪೋರ್ಟಿಗೆ ಸಿಕ್ಕಿಸುವ ಬೀಗವೊಂದಿರುತ್ತಿತ್ತು. ಆ ಪೋರ್ಟೇ ಈಗಿನ ಗಣಕಯಂತ್ರಗಳಲ್ಲಿ ಇಲ್ಲ. ಹಾಗೆ ಬೀಗ ಬಿದ್ದ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತಗಳಿದ್ದರೆ ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಅವನ್ನು ಬೇರೆ ರೂಪದಲ್ಲಿ ಹೊರತೆಗೆಯಬೇಕು. ಪೇಜ್‌ಮೇಕರಿನ 6 ಮತ್ತು 7ನೆಯ ಆವೃತ್ತಿಗಳ ಕಡತಗಳನ್ನು ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತವೆ, ಮುಂದಿನವು ತೆರೆಯವು. ಉಚಿತವಾದ ಲಿಬ್ರೆ ಆಫೀಸ್ 2015ರಿಂದ ಇವನ್ನು ತೆರೆಯಬಲ್ಲದು; ಪುಟದ ಅಂದ ಕೆಡಬಹುದಾದರೂ ಪಠ್ಯ ಕೈಗೆ ಬರುತ್ತದೆ. ಇನ್ನೊಂದು ದಾರಿ, ಹಳೆಯ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ತೆಗೆದು ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಹಳೆಯ ಯಂತ್ರವನ್ನೇ ಒಂದು ಕಿಟಕಿಯಾಗಿ ನಡೆಸುವುದು. ಇದಕ್ಕೆ ತಿಳಿದವರ ನೆರವು ಬೇಕಾಗುತ್ತದೆ. ಅಂತರಜಾಲದಿಂದ ಅದನ್ನು ದೂರವಿಡುವುದು ಲೇಸು.

ನಕಲಿಸಲು ಬರುವುದು ಫಾಂಟು. ವಿಂಡೋಸಿನ ‘ಫಾಂಟ್ಸ್’ ಫೋಲ್ಡರಿನಿಂದ ಕನ್ನಡ ಫಾಂಟುಗಳೆಲ್ಲವನ್ನೂ ಎತ್ತಿಟ್ಟುಕೊಂಡು ಹೊಸ ಯಂತ್ರದಲ್ಲಿ ಸ್ಥಾಪಿಸಿದರೆ ಪವಾಡದಂತೆ ಕಡತಗಳಲ್ಲಿ ಕನ್ನಡ ಮರಳುತ್ತದೆ. ಅನೇಕರು ಕೆಲಸ ಮುಗಿಯಿತೆಂದು ನಿಲ್ಲುವುದು ಇಲ್ಲೇ. ಆ ಕಡತವನ್ನು ಮೊಬೈಲಿಗೆ ಕಳುಹಿಸಿದರೆ ಮತ್ತೆ ಅದೇ ಗೀಟು, ಚುಕ್ಕೆ. ಅದರಿಂದ ಮಾಡಿದ ಪಿಡಿಎಫ್ ನೋಡಲು ಸೊಗಸು, ಆದರೆ ಅದರಲ್ಲಿ ‘ಹೊಸೂರು’ ಎಂದು ಹುಡುಕಿದರೆ ಒಂದೂ ಸಿಗದು. ಫಾಂಟು ಕಣ್ಣಿನ ತೊಂದರೆಯನ್ನು ಮಾತ್ರ ನೀಗುತ್ತದೆ. ಪಠ್ಯ ಕನ್ನಡವಾಗಬೇಕಾದರೆ ಯುನಿಕೋಡಿಗೆ ಪರಿವರ್ತನೆಯಾಗಲೇಬೇಕು. ನುಡಿಯಲ್ಲಿಯೂ ಬರಹದಲ್ಲಿಯೂ ಅದಕ್ಕೆ ಸಾಧನಗಳಿವೆ, ಜಾಲದಲ್ಲಿ ಉಚಿತ ಪರಿವರ್ತಕಗಳೂ ಇವೆ.

ಹೊಸೂರಿನ ಕಡತಗಳಲ್ಲಿ ಪರಿವರ್ತಕಕ್ಕೆ ಎದುರಾಗುವ ಕಷ್ಟ ಬೆಂಗಳೂರಿನ ಕಡತಗಳಲ್ಲಿ ಇಷ್ಟು ಸಾಮಾನ್ಯವಲ್ಲ. ಇಲ್ಲಿಯ ಕರಪತ್ರವೊಂದರಲ್ಲಿ ಒಂದೇ ಪುಟದೊಳಗೆ ಮೂರು ಭಾಷೆಗಳು ಇರಬಹುದು. ಕನ್ನಡ ಭಾಗ ನುಡಿಯ ಪೆಟ್ಟಿಗೆಯದು. ತೆಲುಗು ಭಾಗ ಅನು ಫಾಂಟುಗಳದು. ತಮಿಳು ಭಾಗ 1999ರಲ್ಲಿ ತಮಿಳುನಾಡು ಸರ್ಕಾರ ಅಂಗೀಕರಿಸಿದ ಟ್ಯಾಮ್ ಅಥವಾ ಟ್ಯಾಬ್ ಸಂಕೇತದ್ದೋ ಬಾಮಿನಿಯಂಥ ಮತ್ತೊಂದರದೋ ಆಗಿರುತ್ತದೆ. ತಮಿಳುನಾಡು 2010ರಲ್ಲಿ ಯುನಿಕೋಡಿಗೆ ಮಾನ್ಯತೆ ಕೊಟ್ಟಿತಾದರೂ ಅದಕ್ಕೆ ಹಿಂದಿನ ಕಡತಗಳು ಹಿಂದಿನಂತೆಯೇ ಇವೆ. ಯಂತ್ರದ ಕಣ್ಣಿಗೆ ಈ ಮೂರೂ ಅದೇ ಇನ್ನೂರೈವತ್ತಾರು ಖಾನೆಗಳ ಸಂಖ್ಯೆಗಳು. ಒಂದೇ ಸಂಖ್ಯೆ ಕನ್ನಡದಲ್ಲಿ ತಲೆಕಟ್ಟಾದರೆ ತಮಿಳಿನಲ್ಲಿ ಬೇರೊಂದು ಅಕ್ಷರ. ಯಾವ ಸಾಲು ಯಾವ ಭಾಷೆ ಎಂಬುದನ್ನು ಹೇಳುವ ಏಕೈಕ ಗುರುತು ಆ ಸಾಲಿಗೆ ಹಚ್ಚಿದ ಫಾಂಟಿನ ಹೆಸರು. ಆದ್ದರಿಂದ ಪರಿವರ್ತನೆಗೆ ಮುನ್ನ ಕಡತವನ್ನು ಬರಿಯ ಪಠ್ಯಕಡತವಾಗಿ ಎಂದಿಗೂ ಉಳಿಸಬಾರದು. ಹಾಗೆ ಉಳಿಸಿದ ಕ್ಷಣ ಫಾಂಟಿನ ಹೆಸರುಗಳೆಲ್ಲ ಉದುರಿಹೋಗುತ್ತವೆ, ಮೂರು ಭಾಷೆಗಳೂ ನಡುನಡುವಿನ ಇಂಗ್ಲಿಷ್ ಪದಗಳೂ ಒಂದೇ ರಾಶಿಯಲ್ಲಿ ಕಲಸಿಹೋಗುತ್ತವೆ. ವರ್ಡ್ ಕಡತದಲ್ಲಿ ಫಾಂಟಿನ ಹೆಸರನ್ನು ಹಿಡಿದು ಒಂದೊಂದು ಭಾಷೆಯ ಭಾಗವನ್ನು ಆಯ್ದು, ಅದದರ ಪರಿವರ್ತಕಕ್ಕೆ ಕೊಟ್ಟು, ಮರಳಿ ಅದೇ ಜಾಗದಲ್ಲಿ ಕೂರಿಸುವುದೊಂದೇ ನಂಬಬಹುದಾದ ಕ್ರಮ. ಇದು ನಿಧಾನದ ಕೆಲಸ. ಇಡೀ ಪುಟವನ್ನು ಒಂದೇ ಪರಿವರ್ತಕಕ್ಕೆ ಸುರಿದರೆ ತಮಿಳು ಭಾಗ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತದೆ. ಅಲ್ಲಿಂದ ಮೂಲಕ್ಕೆ ಹಿಂದಿರುಗುವ ಭರವಸೆಯಿಲ್ಲ.

ಪರಿವರ್ತಿತ ಪಠ್ಯವನ್ನು ಕರಡು ತಿದ್ದಲೇಬೇಕು. ಅರ್ಕಾವೊತ್ತು ಇರುವ ಪದಗಳಲ್ಲಿ ರೇಫ ತನ್ನ ಸ್ಥಾನಕ್ಕೆ ಬಂದಿದೆಯೇ ಎಂದು ನೋಡಬೇಕು. ‘ರಾಜ್‌ಕುಮಾರ್’ ಎಂಬಂಥ ಹೆಸರುಗಳಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಬೀಳದಂತೆ ನಡುವೆ ಕಾಣದ ಸಂಕೇತವೊಂದು ಇರಬೇಕು. ಅನುಸ್ವಾರದ ಸೊನ್ನೆ ‘ಂ’ ಮತ್ತು ಅಂಕಿಯ ಸೊನ್ನೆ ‘೦’ ಕಣ್ಣಿಗೆ ಅವಳಿಗಳು. ಬೆರಳಚ್ಚುಗಾರ ಅಂದು ಒಂದರ ಬದಲು ಇನ್ನೊಂದನ್ನು ಒತ್ತಿದ್ದರೆ ಅಚ್ಚಿನಲ್ಲಿ ಯಾರಿಗೂ ತಿಳಿದಿರುವುದಿಲ್ಲ, ಈಗ ಹುಡುಕಾಟದಲ್ಲಿ ಬಯಲಾಗುತ್ತದೆ. ಗಂಗ, ನೊಳಂಬ, ಹೊಯ್ಸಳರ ಕಾಲದ ಕನ್ನಡ ಶಾಸನಗಳುಳ್ಳ ಈ ಸೀಮೆಯ ಶಾಸನಪಾಠಗಳಲ್ಲಿ ‘ಱ’ ಮತ್ತು ‘ೞ’ ಅಕ್ಷರಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವಿಲ್ಲದ ಫಾಂಟಿನಲ್ಲಿ ಕೆಲಸ ಮಾಡಿದವರು ‘ರ’, ‘ಳ’ಗಳಿಗೇ ಗೆರೆ ಎಳೆದೋ ಚಿತ್ರವನ್ನು ಅಂಟಿಸಿಯೋ ನಿಭಾಯಿಸಿರುವುದುಂಟು, ಪರಿವರ್ತಕಕ್ಕೆ ಅದು ಹೊಳೆಯದು. ಯುನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ‘ೞ’ಕಾರದ ಸ್ಥಾನಕ್ಕೆ ಮಾತ್ರ ಇಂಗ್ಲಿಷಿನಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ತಮಿಳಿನಲ್ಲಿ ನಿತ್ಯವೂ ಈ ಅಕ್ಷರವನ್ನು ಬರೆಯುವ ಹೊಸೂರಿನ ಕನ್ನಡಿಗನಿಗೆ ಇದರ ನಿಜವಾದ ಹೆಸರು ಯಾರೂ ಹೇಳಿಕೊಡಬೇಕಾಗಿಲ್ಲ.

ತಿದ್ದುವ ಉತ್ಸಾಹಕ್ಕೂ ಮಿತಿಯಿರಬೇಕು. ಹಳ್ಳಿಯ ಹಾಡಿನಲ್ಲಿ ‘ಹಾಲು’ ಎಂಬುದು ‘ಆಲು’ ಎಂದೂ ‘ಹಳ್ಳಿ’ ಎಂಬುದು ‘ಅಳ್ಳಿ’ ಎಂದೂ ಇದ್ದರೆ ಅದು ಪರಿವರ್ತಕದ ದೋಷವಲ್ಲ, ಹಾಡಿದವಳ ನುಡಿ. ಹೊಸ ಯಂತ್ರದ ಕಾಗುಣಿತ ಪರೀಕ್ಷಕ ಅದರ ಅಡಿಯಲ್ಲಿ ಕೆಂಪು ಗೆರೆ ಎಳೆಯುತ್ತದೆ. ಸ್ವಯಂತಿದ್ದುವಿಕೆಗೆ ಬಿಟ್ಟರೆ ಕ್ಷೇತ್ರಕಾರ್ಯದ ಫಲವೇ ಅಳಿದು ಪಠ್ಯಪುಸ್ತಕದ ಕನ್ನಡ ಉಳಿಯುತ್ತದೆ. ಸಂಶಯ ಬಂದ ಕಡೆ ಹಳೆಯ ಕಡತದ ಅಚ್ಚುಪ್ರತಿಯನ್ನು ನೋಡಿ ತೀರ್ಮಾನಿಸಬೇಕು.

ಸಾಗಿಸಬೇಕಾದ ಇನ್ನೊಂದು ಸಾಮಗ್ರಿ ಬೆರಳುಗಳಲ್ಲಿದೆ. ನುಡಿಯ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಹೊಸ ವಿಂಡೋಸಿನಲ್ಲಿ ‘ಕನ್ನಡ’ ಎಂದು ಆಯ್ದುಕೊಂಡರೆ ಮೊದಲು ಬರುವುದು ಇನ್‌ಸ್ಕ್ರಿಪ್ಟ್, ಅದರ ಕೀಲಿಗಳ ಸ್ಥಾನವೇ ಬೇರೆ. ಇಪ್ಪತ್ತು ವರ್ಷ ಒಂದೇ ವಿನ್ಯಾಸದಲ್ಲಿ ಒತ್ತಿದವರು ಎರಡು ದಿನ ತಡವರಿಸಿ ಮತ್ತೆ ಹಳೆಯ ಫಾಂಟಿಗೇ ಹಿಂದಿರುಗಿಬಿಡುತ್ತಾರೆ. ಹಾಗಾದರೆ ಪರಿವರ್ತಿಸಬೇಕಾದ ಕಡತಗಳ ರಾಶಿ ದಿನದಿನಕ್ಕೂ ಬೆಳೆಯುತ್ತಲೇ ಹೋಗುತ್ತದೆ. ಇದು ಬೇಕಾಗಿಲ್ಲ. ನುಡಿಯ ಇತ್ತೀಚಿನ ಆವೃತ್ತಿಗಳಲ್ಲಿ ಅದೇ ಕೀಲಿಮಣೆಯಿಂದ ಯುನಿಕೋಡ್ ಬರೆಯಬಹುದು. ಲಿನಕ್ಸಿನಲ್ಲಿಯೂ ‘ಕಗಪ’ ಎಂಬ ಹೆಸರಿನಲ್ಲಿ ಆ ವಿನ್ಯಾಸ ಮೊದಲೇ ಇರುತ್ತದೆ. ಹೊಸ ಯಂತ್ರ ಬಂದ ದಿನ ಮೊದಲು ಹೊಂದಿಸಬೇಕಾದುದು ಇದನ್ನು.

ಪರಿವರ್ತನೆ ಮುಗಿದ ಮೇಲೂ ಮೂಲ ಕಡತ, ಅದರ ಫಾಂಟು, ಯುನಿಕೋಡ್ ಪ್ರತಿ ಮತ್ತು ಮೂಲವು ಸರಿಯಾಗಿ ಕಾಣುತ್ತಿದ್ದಾಗ ತೆಗೆದ ಪಿಡಿಎಫ್ – ಈ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಇಡಬೇಕು. ಆ ಫೋಲ್ಡರಿನ ಎರಡು ಪ್ರತಿಗಳು ಎರಡು ಬೇರೆ ಕಟ್ಟಡಗಳಲ್ಲಿರಬೇಕು. ಜೊತೆಗೆ ಒಂದು ಹಾಳೆಯಲ್ಲಿ ಕಡತದ ಹೆಸರು, ಬರೆದವರು, ಊರು, ಹಳೆಯ ದಿನಾಂಕ, ಬಳಸಿದ ತಂತ್ರಾಂಶ ಮತ್ತು ಫಾಂಟಿನ ಹೆಸರನ್ನು ನಮೂದಿಸಿ ಅಚ್ಚು ಹಾಕಿಟ್ಟರೆ, ಮುಂದೆ ಪರಿವರ್ತಕದ ದೋಷವೊಂದು ಪತ್ತೆಯಾದಾಗ ಮೂಲದಿಂದ ಮತ್ತೊಮ್ಮೆ ಆರಂಭಿಸಬಹುದು. ಹಳೆಯ ಯಂತ್ರವನ್ನು ಗುಜರಿಯವರಿಗೆ ಕೊಡುವುದು ಆ ಹಾಳೆಯ ಪಟ್ಟಿಯನ್ನು ಹಿಡಿದು ಒಂದೊಂದೇ ಕಡತವನ್ನು ಹೊಸ ಯಂತ್ರದಲ್ಲಿ ತೆರೆದು, ಓದಿ, ಗುರುತು ಹಾಕಿದ ಬಳಿಕ.